ಪ್ಲೇ ಸ್ಟೋರ್ ಕಮಿಷನ್, ಯುಪಿಐ ಪಾವತಿ: ಪೇಮೆಂಟ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ (ಏಪ್ರಿಲ್ 2025)

ಮೈಸೂರು: ಮೇಡಂ, ಗೂಗಲ್ ಪ್ಲೇ ಆ್ಯಪ್ ಮಾಡುವ ಸಣ್ಣವರಿಂದಲೂ ಶೇ 30 ಕಮಿಷನ್ ಹಿಡಿಯುತ್ತದಾ?

ಉತ್ತರ: ಇಲ್ಲ. ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೆ ಶೇ 15. ಅದಕ್ಕೆ ಪ್ಲೇ ಕನ್ಸೋಲ್‌ನಲ್ಲಿ (ಆ್ಯಪ್ ಮಾಡುವವರ ಖಾತೆ ಪುಟ) ನೀವೇ ಎನ್‌ರೋಲ್ ಆಗಬೇಕು. ಚಂದಾ ಆದರೆ ಹೇಗೂ ಶೇ 15.

ಶಿರಸಿ: ಮಕ್ಕಳ ಕಥೆಗಳ ಆ್ಯಪ್ ಮಾಡಿದ್ದೇನೆ. ಆಡಿಯೊಗೆ ತಿಂಗಳಿಗೆ 49 ರೂಪಾಯಿ ಚಂದಾ, ಜೊತೆಗೆ ಅಚ್ಚಾದ ಪುಸ್ತಕ. ವಾಟ್ಸ್ಆ್ಯಪ್‌ನಲ್ಲಿ ಒಂದು ಉಪಾಯ ಬಂತು: ಗೂಗಲ್‌ನವರು ಆ್ಯಪ್ ಪರಿಶೀಲಿಸುವ ರಿವ್ಯೂ ಮುಗಿಯುವ ತನಕ ಯುಪಿಐ ಕ್ಯೂಆರ್ ಮುಚ್ಚಿಟ್ಟು, ಆಮೇಲೆ ಸರ್ವರ್‌ನಿಂದ ಆನ್ ಮಾಡುವುದು. ಇವತ್ತು ರಾತ್ರಿ ಅಪ್‌ಡೇಟ್ ಬಿಡಲಾ?

ಉತ್ತರ: ದಯವಿಟ್ಟು ಬಿಡಬೇಡಿ. ಡಿಜಿಟಲ್ ಚಂದಾಕ್ಕೆ ಬರೀ ಕ್ಯೂಆರ್ ಇಡುವುದೇ ತಪ್ಪು. ರಿವ್ಯೂ ಮಾಡುವವರಿಂದ ಮುಚ್ಚಿಡುವುದು ಅದಕ್ಕಿಂತ ದೊಡ್ಡ ತಪ್ಪು, ಅದನ್ನು ಮೋಸ ಎಂದೇ ಹಿಡಿಯುತ್ತಾರೆ. ಆ್ಯಪ್ ಜೊತೆ ಅಕೌಂಟೇ ಹೋಗಬಹುದು. ಈ ಉಪಾಯ ಹಂಚುವವರು ಆಗ ನಿಮ್ಮ ಜೊತೆ ಇರುವುದಿಲ್ಲ.

ನಿಮ್ಮಲ್ಲಿ ಎರಡು ವ್ಯಾಪಾರ ಇದೆ. ಪುಸ್ತಕ ಅಂಚೆಯಲ್ಲಿ ಹೋಗುವ ವಸ್ತು. ಅದಕ್ಕೆ ಪ್ಲೇ ಬಿಲ್ಲಿಂಗ್ (ಗೂಗಲ್‌ನದೇ ಪಾವತಿ ವ್ಯವಸ್ಥೆ) ಬಳಸುವಂತೆಯೇ ಇಲ್ಲ, ಯುಪಿಐ ಧಾರಾಳವಾಗಿ ಇಡಿ. ಆಡಿಯೊಗೆ ಭಾರತದಲ್ಲಿ ಯೂಸರ್ ಚಾಯ್ಸ್ ಬಿಲ್ಲಿಂಗ್ ಇದೆ. ಪ್ಲೇ ಬಿಲ್ಲಿಂಗ್ ಪಕ್ಕದಲ್ಲಿ ನಿಮ್ಮ ಗೇಟ್‌ವೇ (ಬೇರೆ ಕಂಪನಿಯ ಪಾವತಿ ಸೇವೆ) ಇಡಬಹುದು. ಗ್ರಾಹಕರು ನಿಮ್ಮದನ್ನು ಆರಿಸಿದರೆ ಶೇ 15 ಇದ್ದದ್ದು ಶೇ 11 ಆಗುತ್ತದೆ. ಗೇಟ್‌ವೇ ಶೇ 2 ಹಿಡಿದರೆ 49 ರೂಪಾಯಿಯಲ್ಲಿ ನಿಮಗೆ ಜಾಸ್ತಿ ಉಳಿಯುವುದು ಒಂದು ರೂಪಾಯಿ. ಅದಕ್ಕಾಗಿ ಪ್ರತಿ ಪಾವತಿಯನ್ನೂ 24 ಗಂಟೆಯೊಳಗೆ ಗೂಗಲ್‌ಗೆ ತಿಳಿಸಬೇಕು. ರೀಫಂಡ್ ತಲೆನೋವೂ ನಿಮ್ಮದೇ. ನಾನಾಗಿದ್ದರೆ ಚಂದಾವನ್ನು ವೆಬ್‌ಸೈಟಿನಲ್ಲಿ ಮಾರುತ್ತಿದ್ದೆ. ಜನ ಆ್ಯಪ್‌ಗೆ ಲಾಗಿನ್ ಆಗಿ ಕೇಳಲಿ, ಅದಕ್ಕೆ ಅವಕಾಶ ಇದೆ. ಆ್ಯಪ್ ಒಳಗೆ ಆ ಲಿಂಕ್ ಮಾತ್ರ ಹಾಕಬೇಡಿ.

ಹುಬ್ಬಳ್ಳಿ: ಸಿಸಿಐ (ಭಾರತೀಯ ಸ್ಪರ್ಧಾ ಆಯೋಗ) ಗೂಗಲ್‌ಗೆ 936 ಕೋಟಿ ದಂಡ ಹಾಕಿದ ಮೇಲೆ ಕಮಿಷನ್ ರದ್ದಾಗಿದೆ ಅಂತ ಮೆಸೇಜ್ ಬಂದಿದೆಯಲ್ಲ?

ಉತ್ತರ: ರದ್ದಾಗಿಲ್ಲ. ಫಾರ್ವರ್ಡ್ ನಂಬಿ ದುಡ್ಡಿನ ತೀರ್ಮಾನ ಮಾಡಬೇಡಿ.

ತುಮಕೂರು: ಆ ದಂಡವನ್ನೂ 2025ರ ಮಾರ್ಚ್‌ನಲ್ಲಿ ಎನ್‌ಸಿಎಲ್‌ಎಟಿ (ಮೇಲ್ಮನವಿ ನ್ಯಾಯಮಂಡಳಿ) 216 ಕೋಟಿಗೆ ಇಳಿಸಿದೆ.

ಹುಬ್ಬಳ್ಳಿ: ಇಳಿಸಿದರೂ ತಪ್ಪು ತಪ್ಪೇ ಅಲ್ವಾ? ಕೋಡ್ ಬರೆದವರು ನಾವು, ಅವರಿಗೇಕೆ ಪಾಲು?

ತುಮಕೂರು: ನಿಮ್ಮ ಆ್ಯಪನ್ನು ಕೋಟಿ ಫೋನಿಗೆ ನೀವೇ ತಲುಪಿಸಿ ನೋಡಿ, ಗೊತ್ತಾಗುತ್ತದೆ.

ಹುಬ್ಬಳ್ಳಿ: 2024ರ ಮಾರ್ಚ್‌ನಲ್ಲಿ ಭಾರತ್ ಮ್ಯಾಟ್ರಿಮೊನಿ, ನೌಕ್ರಿ ಆ್ಯಪ್‌ಗಳನ್ನೇ ತೆಗೆದಿದ್ದರು. ದೊಡ್ಡವರ ಗತಿಯೇ ಹಾಗಾದರೆ ನಮ್ಮದೇನು? ನೀವ್ಯಾಕೆ ಅವರ ವಕಾಲತ್ತು ವಹಿಸುತ್ತೀರಿ?

ತುಮಕೂರು: ಸರ್ಕಾರ ಮಧ್ಯೆ ಬಂದ ಮೇಲೆ ವಾಪಸ್ ಹಾಕಿದರು, ಅದನ್ನೂ ಹೇಳಿ. ಸುಮ್ನೆ ಅರ್ಧ ಸುದ್ದಿ ಹರಡಬೇಡಿ.

ಮಂಗಳೂರು: ಐಫೋನ್‌ಗೂ ಇದೇ ಲೆಕ್ಕವಾ ಮೇಡಂ?

ಹುಬ್ಬಳ್ಳಿ: ತುಮಕೂರಿನವರೇ, ನಿಮಗೆ ಉತ್ತರ ಕೊಡುವ ಅಗತ್ಯ ನನಗಿಲ್ಲ.

ದಾವಣಗೆರೆ: ಎಲ್ಲರಿಗೂ ಶೇ 30 ಏನು?

ಉತ್ತರ: ಮೊದಲ ಉತ್ತರ ಓದಿ.

ಶಿರಸಿ: ಮೇಡಂ, ಅಪ್‌ಡೇಟ್ ನಿಲ್ಲಿಸಿದೆ. ಆದರೆ ಟೆಸ್ಟಿಂಗ್‌ಗೆ ಬಿಟ್ಟ ಆ್ಯಪ್‌ನ ಆವೃತ್ತಿಯಲ್ಲಿ ಆ ಕ್ಯೂಆರ್ ಪುಟ ಇದೆ. ಅದನ್ನೂ ತೆಗೆಯಬೇಕಾ?

ಉತ್ತರ: ಹೌದು, ಇವತ್ತೇ. ಸರ್ವರ್‌ನಲ್ಲಿರುವ ಆ ಸ್ವಿಚ್ಚನ್ನೂ ಅಳಿಸಿ.