ಇಸುಬಿನವರ ಮನಸ್ಸಿನ ಫಾರ್ಮು: ಬ್ಯಾಚಿನ ಗುಂಪಿನ್ಯಾಗ ಹತ್ತಿದ ಜಗಳ

ಗುಂಪು: ಹೈಸ್ಕೂಲ್ 1996 ಬ್ಯಾಚ್, ಗಂಗಾವತಿ

ವೀರೇಶ (ಗಂಗಾವತಿ): ಎಲ್ಲಾರೂ ನೋಡ್ರಿ. ನಮ್ಮ ಅಕ್ಕನ ಮಗಳು ಚರ್ಮರೋಗದಾಗ ಪಿಜಿ ಮಾಡಾಕತ್ತಾಳ. ಇಸುಬು ಇದ್ದವರ ಮನಸ್ಸಿಗೆ ಏನ ಆಕೈತಿ ಅಂತ ಕೇಳೋ ಫಾರ್ಮ್ ಮಾಡ್ಯಾಳ, ಕನ್ನಡದಾಗ. ಒಂಬತ್ತ ಪ್ರಶ್ನೆ, ಎರಡ ನಿಮಿಷದ ಕೆಲಸ. ಇದ್ದವರು ತುಂಬ್ರಿ, ಬ್ಯಾರೆ ಗುಂಪಿಗೂ ಕಳಸ್ರಿ. ಲಿಂಕ್ ಮ್ಯಾಲೈತಿ 👆

ಖಾಜಾ (ಸಿಂಧನೂರು): ನನಗ ಐತಲ್ಲ. ಗೌಂಡಿ ಕೆಲಸದಾಗ ಬಂದದ್ದು, ಸಿಮೆಂಟಿನ್ಯಾಗ ಇರೋ ಕ್ರೋಮೇಟ್ ನಿನಗ ಆಗಿ ಬರಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ತುಂಬಿದೆ. 12 ಬಂತು. "ಮಧ್ಯಮ ಖಿನ್ನತೆ" ಅಂತ ತೋರಿಸ್ತು. ಯಪ್ಪಾ, ನಾ ಆರಾಮ ಅದೀನಿ, ನಿನ್ನೆ ಬಿರಿಯಾನಿ ಹೊಡದೀನಿ 😂

ನಾಗರಾಜ ಮಾಸ್ತರ (ಸಿರುಗುಪ್ಪ): 12 ಹೆಂಗ ಬಂತಲೇ? ಬಿಡಿಸಿ ಹೇಳು.

ಖಾಜಾ: ಕೆರೆತಕ್ಕ ರಾತ್ರಿ ನಿದ್ದಿ ಇಲ್ಲ, "ದಿನಾಲೂ" ಒತ್ತಿದೆ. ದಣಿವು, ದಿನಾಲೂ. ಕೆಲಸದ ಮ್ಯಾಲೆ ಲಕ್ಷ್ಯ ನಿಲ್ಲಂಗಿಲ್ಲ, ದಿನಾಲೂ. ಕುಂತಲ್ಲಿ ಕುಂಡ್ರಾಕ ಆಗಂಗಿಲ್ಲ, ಅದೂ. ಉಳಿದದ್ದಕ್ಕ ಎಲ್ಲಾ ಇಲ್ಲ ಅಂದೆ.

ನಾಗರಾಜ ಮಾಸ್ತರ: "ದಿನಾಲೂ" ಅಂದ್ರ ಮೂರ ಅಂಕ, ಮೂರ ನಾಕಲೆ ಹನ್ನೆರಡು. ಈಗ ಗೂಗಲ್ ನೋಡಿದೆ, ಇದು ಪಿಎಚ್‌ಕ್ಯೂ-9, ಖಿನ್ನತೆ ಅಳಿಯೋ ಪ್ರಶ್ನೆಪಟ್ಟಿ. ಒಟ್ಟು 27 ಅಂಕ, 10ಕ್ಕ ಗೆರಿ, ಅಷ್ಟು ಬಂದ್ರ ಖಿನ್ನತೆ ಇರಬಹುದು ಅಂತ. ಬೇಜಾರು ಐತೇನು ಅಂದದ್ದಕ್ಕ ಸೊನ್ನೆ ಒತ್ತಿದಾವ ಬರೇ ಕೆರಕೊಂಡ ಗೆರಿ ದಾಟ್ಯಾನ!

ವೀರೇಶ: ಅದಕ್ಕ ಆಕಿ ಪ್ರತಿ ಪ್ರಶ್ನೆಗೂ "ಚರ್ಮದ ತೊಂದರೆಯಿಂದಾಗಿ" ಅಂತ ಸೇರಿಸ್ಯಾಳ. ಪಿಎಚ್‌ಕ್ಯೂ ಕನ್ನಡದಾಗ ಮೊದಲ ಐತಿ, ಯಾರ ಪರವಾನಗಿನೂ ಬೇಕಿಲ್ಲ. ಇಕಿ ಇಸುಬಿನವರಿಗೆ ಹೊಂದಿಸ್ಯಾಳ ಅಷ್ಟ.

ಶರಣಮ್ಮ ಸಿಸ್ಟರ್ (ಕೊಪ್ಪಳ): ವೀರೇಶ ಅವರ, "ಅಷ್ಟ" ಅಲ್ಲರಿ ಅದು. 10ರ ಗೆರಿ ಹಾಕಿದ್ದು ಹಳೇ ಪ್ರಶ್ನೆಗಳಿಗೆ. ಪ್ರಶ್ನೆ ಬದಲಿ ಮಾಡಿ ಅದ ಗೆರಿ ಹೆಂಗ ಇಟ್ಕೊಂತೀರಿ? ನಿದ್ದಿ ಕೆಟ್ಟದ್ದು ಕೆರೆತಕ್ಕೋ, ಮಗಳ ಮದುವಿ ಸಾಲಕ್ಕೋ ಅಂತ ರೋಗಿ ಹೆಂಗ ಬಿಡಿಸಿ ಹೇಳಬೇಕು?
ನಾ ಚರ್ಮದ ಓಪಿಡಿಯಾಗ ದಿನಾ ನೋಡ್ತೀನಿ. ಹಾಳಿ ಕೊಟ್ರ ಹೆಣಮಕ್ಕಳು ಗಂಡನ ಮಾರಿ ನೋಡ್ತಾರ. ಆತ "ಏನಿಲ್ರಿ, ಆರಾಮ ಅದಾಳ" ಅಂತ ತಾನ ಟಿಕ್ ಹಾಕ್ತಾನ. ಆತನ್ನ ಗುಳಿಗಿ ತರಾಕ ಕಳಿಸಿದ ಮ್ಯಾಲೆ ಆಕಿ ಬಾಯಿ ಬಿಡೂದು: ಅತ್ತಿ ರೊಟ್ಟಿ ಬಡಿಯಾಕ ಬಿಡಂಗಿಲ್ಲ, ಹಿಟ್ಟಿಗೆ ಕೈ ಹಚ್ಚಬ್ಯಾಡ ಅಂತಾಳ. ಅದು ಅಂಟೋ ರೋಗನ ಅಲ್ಲ! ಆ ಸಂಕಟ ಈ ಒಂಬತ್ತರಾಗ ಎಲ್ಲೈತಿ?
ಇನ್ನ "ಎರಡು ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ" ಅಂದ್ರ ಯಾರಿಗೂ ಲೆಕ್ಕ ಹತ್ತಂಗಿಲ್ಲ. "ಹೋದ ಸಂತಿ ಬಿಟ್ಟು ಅದರ ಹಿಂದಿನ ಸಂತಿಯಿಂದ ಇಲ್ಲೀತನ" ಅಂತ ಕೇಳ್ರಿ, ಬೆರಳ ಮಡಚಿ ಹೇಳ್ತಾರ.

ವೀರೇಶ: ಎಲ್ಲಾದಕ್ಕೂ ಕೊಂಕು ತಗದ್ರ ಮುಗೀತು. ಬ್ಯಾರೆ ಊರವರ ಮ್ಯಾಲೆ ಮಾಡಿದ್ದನ್ನ ನಮ್ಮವರಿಗೆ ಹಚ್ಚಿಕೊಂತ ಕುಂಡ್ರೂದ. ಆ ಹುಡುಗಿ ಥೀಸಿಸ್ ಟೈಮೂ ಹತ್ರ ಬಂದೈತಿ.

ನಾಗರಾಜ ಮಾಸ್ತರ: ಥೀಸಿಸ್ ಅವಸರಕ್ಕ ಖಾಜಾನ ಹಣಿಗೆ ಖಿನ್ನತೆ ಅಂತ ಚೀಟಿ ಅಂಟಸೂದೇನು?

ಶರಣಮ್ಮ ಸಿಸ್ಟರ್: ಚೀಟಿ ಪೂರಾ ಸುಳ್ಳು ಅಂತ ನಾನೂ ಅನ್ನಂಗಿಲ್ಲ. ಖಾಜಾ, ಬಿರಿಯಾನಿ ತಿಂದ್ರ ಆರಾಮ ಅಂತಲ್ಲ. ತಿಂಗಳಗಟ್ಟಲೆ ನಿದ್ದಿಗೆಟ್ರ ಮನಸ್ಸೂ ಕೆಡತೈತಿ. ಅದಕ್ಕ ಕೆರೆತ ಬ್ಯಾರೆ ಅಳೀಬೇಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನವರದು ಪೋಯೆಮ್ ಅಂತ ಐತಿ, ಇಸುಬು ಎಷ್ಟ ಕಾಡತೈತಿ ಅಂತ ಅಳಿಯೋದು, 2004ರದ್ದು, ಏಳ ಪ್ರಶ್ನೆ. ವಾರದಾಗ ಎಷ್ಟ ರಾತ್ರಿ ನಿದ್ದಿ ಕೆಡ್ತು ಅಂತ ಅದರಾಗ ಕೇಳ್ತಾರ. ಎರಡೂ ಬಾಜೂ ಬಾಜೂ ಇಟ್ಟ ನೋಡ್ರಿ. ಇಲ್ಲಾ ಆತಂಕ, ಖಿನ್ನತೆ ಅಳಿಯೋ 1983ರ ಎಚ್‌ಎಡಿಎಸ್ ಫಾರ್ಮ್ ತಗೋರಿ. ಮೈಯಾನ ಬ್ಯಾನಿ ಮನಸ್ಸಿನ ಲೆಕ್ಕಕ್ಕ ಸೇರಬಾರದು ಅಂತನ ಅದರಾಗ ನಿದ್ದಿ, ದಣಿವು ಕೇಳಿಲ್ಲ. ಪರವಾನಗಿ ಮಾತ್ರ ಬೇಕು.
ಹೊಸದಾಗಿ ಹೊಂದಿಸೂದ ಇದ್ರ, ಮೂಲ ನೋಡದವರ ಕಡಿಂದ ತಿರುಗಿ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಬೇಕು. ಆಮ್ಯಾಲೆ 30-40 ರೋಗಿಗಳನ್ನ ಮುಂದ ಕುಂದ್ರಿಸ್ಕೊಂಡು "ಇದನ್ನ ಕೇಳಿದಾಗ ನಿಮಗ ಏನ ತಿಳೀತು" ಅಂತ ಒಬ್ಬೊಬ್ಬರನ್ನ ಕೇಳಬೇಕು. ವಾಟ್ಸಾಪಿನ್ಯಾಗ ಬಿಟ್ರ ಆಗೂ ಕೆಲಸಲ್ಲ.

ರೇಣುಕಾ (ರಾಯಚೂರು): ಒಂಬತ್ತನೇದರ ಬಗ್ಗೆ ಯಾರೂ ಮಾತಾಡವಲ್ರಿ. ಸತ್ರ ಛಲೋ ಅನಸ್ತೈತೇನು ಅಂತ ಕೇಳ್ಯಾರ. ರಾತ್ರಿ ಎರಡಕ್ಕ ಯಾರರ "ಹೌದು" ಒತ್ತಿದ್ರ ಯಾರ ನೋಡ್ತಾರ?

ವೀರೇಶ: ಉತ್ತರ ಎಲ್ಲಾ ಶೀಟಿಗೆ ಹೋಕಾವ.

ರೇಣುಕಾ: ಶೀಟ್ ಎದ್ದು ಫೋನ್ ಮಾಡತೈತೇನ್ರಿ?

ಶರಣಮ್ಮ ಸಿಸ್ಟರ್: ಖರೇ ಐತಿ. ಓಪಿಡಿಯಾಗಾದ್ರ ಆ ಟಿಕ್ ನೋಡಿದ ಕೂಡಲೇ ಮನೋರೋಗದ ಡಾಕ್ಟರ್ ಕಡಿಗೆ ಕರಕೊಂಡ ಹೋಗ್ತೀವಿ. ಕಡೀಪಕ್ಷ ಕೆಳಗ 14416 ಹಾಕ್ರಿ. ಟೆಲಿ-ಮಾನಸ್, ಮನಸ್ಸಿನ ತೊಂದರಿಗೆ ಸರ್ಕಾರದ ಸಹಾಯವಾಣಿ, 2022ರಿಂದ ಐತಿ, ಹಗಲೂ ರಾತ್ರಿ ಎತ್ತತಾರ, ಕನ್ನಡದಾಗ ಮಾತಾಡ್ತಾರ, ಪುಕ್ಕಟೆ.

ವೀರೇಶ: ಆಕಿಗೆ ಫೋನ್ ಹಚ್ಚಿದ್ದೆ. ಲಿಂಕ್ ಬಂದ್ ಮಾಡ್ತಾಳಂತ. "ಚರ್ಮದ ತೊಂದರೆಯಿಂದಾಗಿ" ಮಾತ್ರ ತಗಿಯಂಗಿಲ್ಲಂತ, ಗೈಡ್ ಹೇಳ್ಯಾರಂತ.

ಶರಣಮ್ಮ ಸಿಸ್ಟರ್: ಇಟ್ಕೊಳ್ಳಲಿ. ಹಂಗಾದ್ರ 10ರ ಗೆರಿ ತಗದ ಹಾಕಲಿ, "ಮಧ್ಯಮ ಖಿನ್ನತೆ" ಅಂತ ತೋರಸೂದನ್ನೂ.

ಖಾಜಾ: ಮುಂದ ಕುಂದ್ರಿಸಿ ಕೇಳೂದಾದ್ರ ನಾ ಬರ್ತೀನಿ. ಸೋಮವಾರ ಬ್ಯಾಡ, ಸ್ಲ್ಯಾಬ್ ಹಾಕೂದೈತಿ.

ನಾಗರಾಜ ಮಾಸ್ತರ: ಗ್ಲೌಸ್ ಹಾಕ್ಕೊಂಡ ಹಾಕಲೇ.