ಸಹಾಯ ಬೇಕು: ಒಂದೇ ಜಾಗದಲ್ಲಿ ಎರಡು ಥರದ ಮಣ್ಣು, ಮಲ್ಲಿಗೆ ಎಲ್ಲಿ ನೆಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಹತ್ತಿರ, ಕಟಪಾಡಿ ಕಡೆ. ಮನೆ ಹಿಂದೆ ಶಂಕರಪುರ ಮಲ್ಲಿಗೆ ನೆಡಬೇಕು ಅಂತಿದ್ದೇವೆ.

ಜಾಗದ ಪಡುಬದಿ ಪೂರ್ತಿ ಹೊಯ್ಗೆ, ಅಂದರೆ ಮರಳು. ಕೊಡಗಟ್ಟಲೆ ಹೊಯ್ದರೂ ನೀರು ಕಣ್ಣೆದುರೇ ಇಂಗಿ ಹೋಗುತ್ತದೆ, ಸಂಜೆಗೆ ಮೇಲ್ಮಣ್ಣು ಒಣಒಣ. ಮೂಡುಬದಿ ಹಳೇ ಗದ್ದೆ, ಅಂಟು ಮಣ್ಣು. ಅಲ್ಲಿ ಒಂದಡಿ ಗುಂಡಿ ತೋಡಿ ನೀರು ತುಂಬಿಸಿದೆ. ಮರುದಿನ ಬೆಳಗ್ಗೆಯೂ ಅರ್ಧ ಹಾಗೇ ಇತ್ತು! ಆ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದರೆ ಬೆರಳಿನ ಗೆರೆ ಸಮೇತ ಅಚ್ಚು ಮೂಡುತ್ತದೆ.

ಕಾರಣ ಗೊತ್ತು. ಹೊಯ್ಗೆ ಕಣ ದಪ್ಪ, ಸಂದು ದೊಡ್ಡದು, ನೀರು ನಿಲ್ಲುವುದಿಲ್ಲ. ಜೇಡಿ ಕಣ 0.002 ಮಿಲಿಮೀಟರಿಗಿಂತಲೂ ಸಣ್ಣದು, ಹಿಡಿದ ನೀರನ್ನು ಬಿಡುವುದೇ ಇಲ್ಲ. ಬುಡದಲ್ಲಿ ನೀರು ನಿಂತರೆ ಮಲ್ಲಿಗೆ ಬೇರು ಕೊಳೆಯುತ್ತದೆ ಅಲ್ವಾ?

ಗದ್ದೆಗೆ ಹೊಯ್ಗೆ ಸುರಿ ಅಂತಾರೆ ಕೆಲವರು. ಒಂದೆರಡು ಬುಟ್ಟಿ ಹೊಯ್ಗೆಯಿಂದ ಏನಾದೀತು, ನನಗಂತೂ ನಂಬಿಕೆ ಇಲ್ಲ. ಅದರ ಬದಲು ಮಣ್ಣು ಎತ್ತರಿಸಿ ಏರು ಮಾಡಿ, ಹಟ್ಟಿಗೊಬ್ಬರ ಸೇರಿಸಿ, ಬದಿಯಲ್ಲಿ ನೀರು ಹರಿದು ಹೋಗಲು ಕಣಿ ತೆಗೆದರೆ ಸಾಕೇ? ಕಣಿ ಎಷ್ಟು ಆಳ ಬೇಕು? ಅಥವಾ ಹೊಯ್ಗೆ ಬದಿಯಲ್ಲೇ ಗೊಬ್ಬರ, ತರಗೆಲೆ ಜಾಸ್ತಿ ಹಾಕಿ ನೆಡುವುದು ಒಳ್ಳೆಯದೇ?

ಮಲ್ಲಿಗೆ ಬೆಳೆಯುವವರು ಯಾರಾದರೂ ಹೇಳಿ. ಮಳೆ ಹಿಡಿಯುವ ಮೊದಲೇ ಮಣ್ಣಿನ ಕೆಲಸ ಮುಗಿಸಬೇಕು.