ಸಹಾಯ ಬೇಕು: ಎಫ್‌ಡಿ ಕೇಳಿದ ಅಮ್ಮನಿಗೆ ವಿಮೆ ಪಾಲಿಸಿ ಕೊಟ್ಟಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದ ಹತ್ತಿರ ಮಾಜಾಳಿಯವರು. ಅಮ್ಮ ಒಣಮೀನು ಮಾರಿ ಕೂಡಿಟ್ಟ 60,000 ರೂಪಾಯಿಯನ್ನು ಎಫ್‌ಡಿ ಮಾಡಲು ಬ್ಯಾಂಕಿಗೆ ಹೋಗಿದ್ದರು. ಹೇಳಿದ ಕಡೆಯೆಲ್ಲ ಸಹಿ ಹಾಕಿ ಬಂದಿದ್ದಾರೆ. ಮೊನ್ನೆ ಅಕ್ಕಿ ಡಬ್ಬಿಯ ಮೇಲಿದ್ದ ಲಕೋಟೆ ಬಿಚ್ಚಿ ನೋಡಿದೆ. ಅದು ಜೀವವಿಮೆ! ಹತ್ತು ವರ್ಷ, ವರ್ಷಕ್ಕೆ 60,000 ಕಟ್ಟಬೇಕಂತೆ. ಆದಾಯದ ಕಾಲಂನಲ್ಲಿ ಐದು ಲಕ್ಷ ಅಂತ ಬೇರೆ ಯಾರೋ ಬರೆದಿದ್ದಾರೆ. ಅಮ್ಮ ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ.

ಪಾಲಿಸಿ ಕೈಗೆ ಬಂದು 21 ದಿನ ಆಗಿದೆ. 30 ದಿನದೊಳಗೆ ಫ್ರೀ ಲುಕ್‌ನಲ್ಲಿ (ಪಾಲಿಸಿ ಓದಿ ನೋಡಿ ಬೇಡ ಅನ್ನಲು ಕೊಡುವ ಅವಧಿ) ವಾಪಸ್ ಮಾಡಬಹುದು, ಸ್ವಲ್ಪ ಖರ್ಚು ಮಾತ್ರ ಹಿಡಿದು ಉಳಿದದ್ದು ಕೊಡಬೇಕು ಅಂತ ಓದಿದ್ದೇನೆ. ಆದರೆ ಬ್ಯಾಂಕಿನವರು "ಆಗಲ್ಲ, ಮುಂದಿನ ತಿಂಗಳು ಬನ್ನಿ" ಅಂತಾರೆ. ಸುಮ್ನೆ ದಿನ ತಳ್ಳುತ್ತಿದ್ದಾರೆ ಅಂತ ನನಗೆ ಖಾತ್ರಿ.

ಯಾರಾದರೂ ಹೀಗೆ ಹಣ ವಾಪಸ್ ಪಡೆದಿದ್ದೀರಾ? ಅರ್ಜಿ ನೇರವಾಗಿ ವಿಮಾ ಕಂಪನಿಗೇ ಇಮೇಲ್ ಮಾಡಿ, ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿದರೆ ಸಾಕಾ? ಕನ್ನಡದಲ್ಲಿ ಬರೆದರೆ ನಡೆಯುತ್ತಾ? ಅವರು ಒಪ್ಪದಿದ್ದರೆ ಮೊದಲು ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗಬೇಕಾ, ಕಾರವಾರದ ಗ್ರಾಹಕರ ಆಯೋಗಕ್ಕಾ? ಅರ್ಜಿಯ ನಮೂನೆ ಇದ್ದವರು ದಯವಿಟ್ಟು ಇಲ್ಲೇ ಹಾಕಿ. ಇನ್ನು ಒಂಬತ್ತೇ ದಿನ ಇದೆ.